ಕುಂಕುಮದ ಪೆಟ್ಟಿಗೆಯ ಕನ್ನಡಿ

ಮೂರು ದಿನದಿಂದ ಸಿದ್ರಾಮಪ್ಪನ ಲಾರಿ ನಿಂತಲ್ಲೇ ಒದರುತ್ತಿತ್ತು. ಓಡುವಾಗ ಏನೂ ತಕರಾರಿಲ್ಲ. ನಿಲ್ಲಿಸಿ ಪೆಡಲಿನಿಂದ ಕಾಲು ತೆಗೆದರೆ ಮಾತ್ರ, ಮೊದಲಿನಂತೆ ಮೆಲ್ಲಗೆ ಗುರುಗುಟ್ಟುವುದನ್ನು ಬಿಟ್ಟು, ಘಟ್ಟ ಹತ್ತುತ್ತಿರುವಂತೆ ಭರ್ರೆನ್ನುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅದು. ಹಿಂಬದಿ ತೆರೆದ ಆ ಸಣ್ಣ ಲಾರಿಗೆ ಆಗಲೇ ಹದಿನಾಲ್ಕು ವರ್ಷ. ಬೆಳಗಾವಿ ಕಡೆಯಿಂದ ಪುಣೆಗೆ ಬಂದು ನೆಲೆಸಿದ್ದ ಸಿದ್ರಾಮಪ್ಪ ಮತ್ತು ಅವನ ಹೆಂಡತಿ ರುದ್ರವ್ವ ದಿನಾ ಬೆಳಿಗ್ಗೆ ಹಡಪಸರದ ಗೌಳಿಗರಿಂದ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಸದಾಶಿವ ಪೇಠದ ಒಂದು ಹೆರಿಗೆ ಮನೆಗೆ ಮುಟ್ಟಿಸುತ್ತಿದ್ದರು. ಲಾರಿಗೆ ಇದ್ದ ಕೆಲಸ ಅದೊಂದೇ.

ಲಾರಿ ಚಾಲೂ ಆಗಬೇಕಾದರೆ ಮುಂದೆ ಹ್ಯಾಂಡಲ್ ಹಾಕಿ ತಿರುವಬೇಕು. ಸಿದ್ರಾಮಪ್ಪನ ಬಲಭುಜ ಒಮ್ಮೆ ಕೀಲು ತಪ್ಪಿ ಕೂತದ್ದು. ದಿನಕ್ಕೊಂದು ಸಲ ತಿರುವಿದರೆ ಅದರ ಶಕ್ತಿ ಮುಗಿಯಿತು. ಹೆರಿಗೆ ಮನೆಯ ದೊಡ್ಡ ನರ್ಸ್ ಗಂಗೂಬಾಯಿ ಇದನ್ನು ತಾನಾಗಿ ಗಮನಿಸಿ, ಹಾಲು ಇಳಿಸುವಷ್ಟು ಹೊತ್ತು ಅಂಗಳದಲ್ಲಿ ಎಂಜಿನ್ ಬಂದ್ ಮಾಡದೆ ಇಡಲು ಬಿಟ್ಟಿದ್ದಳು. ಆದರೆ ಈಗ ಲಾರಿಯ ಆರ್ಭಟಕ್ಕೆ ಒಳಗಿನ ಕೂಸುಗಳೆಲ್ಲ ಒಟ್ಟಿಗೆ ಎಚ್ಚರಾಗುತ್ತಿದ್ದವು. ಆ ಬೆಳಿಗ್ಗೆ ಅವಳು ಅಳುವ ಕೂಸೊಂದನ್ನು ಹೆಗಲಿಗೆ ಹಾಕಿಕೊಂಡೇ ಹೊರಗೆ ಬಂದಳು. ನಾಳೆಯೂ ಹೀಗೇ ಆದರೆ ಹಾಲಿನ ಕೆಲಸ ಎತ್ತಿನ ಗಾಡಿಯವನಿಗೆ ಹೇಳಬೇಕಾಗುತ್ತದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. ಹೇಳುವಾಗ ಅವಳು ನೆಲ ನೋಡುತ್ತಿದ್ದುದು ರುದ್ರವ್ವನ ಮನಸ್ಸಿನಲ್ಲಿ ಉಳಿಯಿತು.

ಇಬ್ಬರೂ ಅಲ್ಲಿಂದ ನೆಟ್ಟಗೆ ಮಲಕಪ್ಪನ ತಗಡಿನ ಗ್ಯಾರೇಜಿಗೆ ಬಂದರು. ಗೋಕಾಕದ ಮಲಕಪ್ಪ ಪುಣೆಗೆ ಹೊಸದಾಗಿ ಬಂದಾಗ ಆರು ತಿಂಗಳು ರುದ್ರವ್ವನ ಕೈರೊಟ್ಟಿ ಉಂಡವನು.

“ಕಾಕಾ, ನಿಮಗಿಂತ ಮೊದಲ ನಿಮ್ಮ ಲಾರಿ ಧ್ವನಿ ಬಂದು ಮುಟ್ಟಿತು ನೋಡ್ರಿ,” ಎಂದ ಅವನು.

“ಚೇಷ್ಟಿ ಆಮ್ಯಾಲ ಮಾಡು. ಪೆಟ್ರೋಲದಾಗ ಏನೋ ಕಲಿಸ್ಯಾರ,” ಎಂದ ಸಿದ್ರಾಮಪ್ಪ.

“ಪೆಟ್ರೋಲ್ ಕೆಟ್ಟಿದ್ರ ಕೆಮ್ಮತಿತ್ತು. ಇದು ಹಾಡಲಿಕ್ಕತ್ತದ. ಯಾವಾಗಿಂದ?”

“ದಸರಾ ದಿವಸದಿಂದ.”

“ನೀವು ಏನರ ಮುಟ್ಟೀರೇನು?”

ಸಿದ್ರಾಮಪ್ಪ ತಗಡಿನ ಮಾಡು ನೋಡತೊಡಗಿದ. ರುದ್ರವ್ವ ಹೇಳಿದಳು: “ನಿನ್ನೆ ಊಟಾ ಬಿಟ್ಟು ಒಂದು ತಾಸು ಎಂಜಿನ್ ಸದ್ದು ಇಳಸೋ ಆ ಸ್ಕ್ರೂ ತಿರುವ್ಯಾರಪಾ.”

“ಪೂರಾ ಸಡಲ ಬಿಟ್ಟೆ. ಆದರೂ ಸ್ವಲ್ಪನೂ ಇಳೀಲಿಲ್ಲ.”

ಮಲಕಪ್ಪ ಕೈ ಒರೆಸುವುದನ್ನು ನಿಲ್ಲಿಸಿದ. “ಹಂಗಾದ್ರ ನನ್ನ ಅರ್ಧಾ ಕೆಲಸ ನೀವs ಮಾಡೀರಿ.”

ಪೆಡಲಿನಿಂದ ಕಾಲೆತ್ತಿದಾಗ ಕಾರ್ಬ್ಯುರೇಟರಿನ ಪಕ್ಕದ ಪುಟ್ಟ ತೋಳು ಹಿಂದಕ್ಕೆ ಬಂದು ಆ ಸ್ಕ್ರೂವಿನ ತುದಿಗೆ ಆತು ನಿಲ್ಲುತ್ತದೆ. ಸ್ಕ್ರೂ ಸಡಿಲಿಸಿದರೆ ಎಂಜಿನ್ನಿನ ವೇಗ ಇಳಿಯಲೇಬೇಕು. ಇಳಿಯಲಿಲ್ಲವೆಂದರೆ, ಒಂದೋ ಬೇರೆಲ್ಲಿಂದಲೋ ಗಾಳಿ ಕದ್ದು ಒಳಗೆ ಹೋಗುತ್ತಿದೆ, ಇಲ್ಲವೇ ತೋಳು ಸ್ಕ್ರೂವಿನವರೆಗೆ ಬರುತ್ತಲೇ ಇಲ್ಲ.

ಮಲಕಪ್ಪ ಮೊದಲು ಜೋಡಣೆಗಳ ಸುತ್ತ ಹನಿಹನಿಯಾಗಿ ಎಣ್ಣೆ ಬಿಟ್ಟು ಕಿವಿಗೊಟ್ಟ. ಗಾಳಿ ಎಳೆಯುತ್ತಿದ್ದರೆ ಧ್ವನಿ ಬದಲಾಗುತ್ತಿತ್ತು, ಬದಲಾಗಲಿಲ್ಲ.

“ಬಂದ್ ಮಾಡ್ರಿ ಕಾಕಾ.”

“ಮತ್ತ ತಿರುವವರು ಯಾರು?”

“ನಾ ಅದೀನಲ್ರಿ. ನೀವು ಮ್ಯಾಲ ಕೂತು ಪೆಡಲ್ ಒತ್ತಿ ಬಿಡ್ರಿ, ಅಷ್ಟ ಸಾಕು. ಕಾಕೂ, ನಿಮ್ಮ ಹತ್ರ ಕನ್ನಡಿ ಅದ ಏನ್ರಿ? ಕೆಳಗಿಂದು ಕಾಣವಲ್ದು.”

ರುದ್ರವ್ವ ಚೀಲದಿಂದ ಕುಂಕುಮದ ಪೆಟ್ಟಿಗೆ ತೆಗೆದು ಅದರ ಅಂಗೈಯಗಲದ ಕನ್ನಡಿಯನ್ನು ಬಾಗಿಲ ಬಿಸಿಲಿಗೆ ಹಿಡಿದು, ಬೆಳಕನ್ನು ಎಂಜಿನ್ನಿನ ಅಡಿಗೆ ಬಿಟ್ಟಳು. ಮೇಲೆ ಸಿದ್ರಾಮಪ್ಪ ಪೆಡಲ್ ಒತ್ತಿ ಬಿಟ್ಟ. ತೋಳು ಹೋಯಿತು, ಬಂತು; ಸ್ಕ್ರೂ ಮುಟ್ಟುವ ಮೊದಲೇ ನಿಂತಿತು. ನಡುವೆ ಎಣ್ಣೆ ಮೆತ್ತಿದ ಕರಿಯ ತುಂಡೊಂದು ಸಿಕ್ಕಿಕೊಂಡಿತ್ತು. ಮಲಕಪ್ಪ ಉಗುರಿನಿಂದ ಕೆರೆದ ಕಡೆ ಹಳದಿ ಕಂಡಿತು.

ಕನ್ನಡಿಯ ಬಿಸಿಲು ಒಮ್ಮೆಲೆ ಮಾಡಿಗೆ ಹಾರಿತು. ರುದ್ರವ್ವ ಆ ಹಳದಿಯನ್ನು ಗುರುತಿಸಿದ್ದಳು.

ದಸರೆಯ ಹಿಂದಿನ ದಿನ, ಖಂಡೇನವಮಿಯ ಆಯುಧಪೂಜೆಗೆ, ಗಂಡ ಸ್ನಾನಕ್ಕೆ ಹೋದಾಗ ಅವಳೇ ಬಾನೆಟ್ಟಿನ ಪಕ್ಕ ತೆರೆದು, ಆ ತೋಳಿನ ಸರಳಿಗೆ ಅರಿಶಿನ ಕೊಂಬಿನ ಕಂಕಣ ಕಟ್ಟಿದ್ದಳು. ಉಳಿದವರೆಲ್ಲ ಚಕ್ರಕ್ಕೋ ದೀಪಕ್ಕೋ ಕಟ್ಟುತ್ತಾರೆ. ಆದರೆ ಲಾರಿ ಹೊಸದಾಗಿ ಬಂದಾಗ ಗಂಡ ಆ ಸರಳನ್ನು ತೋರಿಸಿ, ಇದರ ಉಸಿರು ಇಲ್ಲೇ ಇದೆ ಎಂದಿದ್ದ. ಮುದಿ ಲಾರಿ, ಉಸಿರಿಗೇ ಕಾವಲಿರಲಿ ಎಂದುಕೊಂಡಿದ್ದಳು. ಮರುದಿನ ಹಾದಿಯ ಕುಲುಕಾಟಕ್ಕೆ ಕೊಂಬು ಜಾರಿ ಸಂದಿನಲ್ಲಿ ಕೂತಿತ್ತು.

“ಏನರ ಕಾಣತದೇನೋ?” ಮೇಲಿಂದ ಸಿದ್ರಾಮಪ್ಪ ಕೇಳಿದ.

ಮಲಕಪ್ಪ ಅವಳ ಮುಖ ನೋಡಿದ. ದಾರ ಕತ್ತರಿಸಿ ಕೊಂಬನ್ನು ಅಂಗಿಯ ಜೇಬಿಗೆ ಹಾಕಿಕೊಂಡ. “ಏನೋ ಒಂದು ತುಣುಕು ಸಿಕ್ಕೊಂಡಿತ್ರಿ. ತೆಗದೆ.”

ಆಮೇಲೆ ತಾನೇ ಹ್ಯಾಂಡಲ್ ತಿರುವಿ, ಚಹಾದ ಕಪ್ಪನ್ನು ಮಡ್‌ಗಾರ್ಡಿನ ಮೇಲಿಟ್ಟು, ಚಹಾದ ಮೇಲಿನ ನಡುಕ ತಿಳಿಯಾಗುವ ತನಕ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದ. ಲಾರಿ ಹಳೆಯ ಗುರುಗುಟ್ಟುವಿಕೆಗೆ ಮರಳಿತು. ಸಿದ್ರಾಮಪ್ಪ ಹಿಂದೆ ಕ್ಯಾನುಗಳನ್ನು ಸರಿಪಡಿಸಲು ಹೋದಾಗ, ಮಲಕಪ್ಪ ಒರೆಸಿದ ಕೊಂಬನ್ನು ಒಳ್ಳೆಯ ಬಟ್ಟೆಯ ಚೂರಿನಲ್ಲಿ ಸುತ್ತಿ ರುದ್ರವ್ವನ ಕೈಗಿಟ್ಟ. “ಹಾರ್ನಿಗೆ ಕಟ್ರಿ ಕಾಕೂ. ಅದಕ್ಕೂ ಜೀವ ಅದ.”

ಮರುದಿನ ಬೆಳಿಗ್ಗೆ ಹೆರಿಗೆ ಮನೆಯ ಅಂಗಳದಲ್ಲಿ ಲಾರಿ ತೊಟ್ಟಿಲು ತೂಗುವವರಂತೆ ಮೆಲ್ಲಗೆ ಗುನುಗುತ್ತ ನಿಂತಿತು. ಗಂಗೂಬಾಯಿ ಬಾಗಿಲಿಗೆ ಬಂದಳು. ಹೆಗಲ ಮೇಲಿನ ಕೂಸು ಮಲಗಿಯೇ ಇತ್ತು. ನಾಳೆ ಎರಡು ಕ್ಯಾನು ಹೆಚ್ಚಿಗೆ ಬೇಕು ಎಂದಷ್ಟೇ ಹೇಳಿ ನಕ್ಕು ಒಳಗೆ ಹೋದಳು.

ರುದ್ರವ್ವನಿಗೆ ಇನ್ನು ತಡೆಯಲಾಗಲಿಲ್ಲ. “ನಿಮಗ ಒಂದು ಮಾತು ಹೇಳಬೇಕ್ರಿ. ಆ ತುಣುಕು ನಂದು,” ಎಂದು ಚೀಲದಿಂದ ಬಟ್ಟೆಯ ಚೂರು ತೆಗೆದು ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ.

ಸಿದ್ರಾಮಪ್ಪ ಗದ್ದದಿಂದ ಹಾರ್ನಿನ ಕಡೆ ತೋರಿಸಿದ. ಅದರ ಕುತ್ತಿಗೆಗೆ ಅರಿಶಿನ ಕೊಂಬು ಸೊಟ್ಟಗೆ ಜೋತಾಡುತ್ತಿತ್ತು.

“ಮಲಕಪ್ಪನ ಜೇಬು ಹಳದಿ ಆಗಿತ್ತು. ನಾ ಏನು ಕುರುಡ?”

“ಗೊತ್ತಿದ್ದೂ ಬಯ್ಯಲಿಲ್ಲಲಾ?”

“ಉಸಿರು ಅಲ್ಲಿ ಅದ ಅಂತ ಹೇಳಿದಾವ ನಾನs ಅಲ್ಲೇನು?” ಎಂದ ಅವನು. “ಮಲಕಪ್ಪ ನಿನಗ ಹೇಳಿದ್ದು ಕೇಳಿತ್ತು, ನಸುಕಿನಾಗ ನಿನ್ನ ಚೀಲದಾಗಿಂದ ತೆಗದು ಕಟ್ಟೀನಿ. ನನ್ನ ಭುಜಕ್ಕ ಗಂಟು ಬಿಗಿ ಆಗಲಿಲ್ಲ, ನೀನs ಒಂದೀಟು ನೋಡು.”

ರುದ್ರವ್ವ ಇಳಿದು ಹೋಗಿ ಅವನ ಗಂಟು ಬಿಚ್ಚಿ, ಎಲ್ಲಿಯೂ ಜಾರದಂತೆ ಮತ್ತೆ ಕಟ್ಟಿದಳು. ಅಷ್ಟು ಹೊತ್ತೂ ಲಾರಿ ಸದ್ದು ಏರಿಸದೆ ಕಾದಿತ್ತು.