ಒಜೆಲ್ಲಾ ತಿದ್ದಿದ ಗುಲಾಬಿಗಳು

ನೂರಾ ಹನ್ನೆರಡನೆಯ ಹಾಳೆಗೆ ಬರುವಷ್ಟರಲ್ಲಿ ಅರ್ಡಿಸ್‌ಳ ಬೆರಳು ಮರಗಟ್ಟಿತ್ತು. ಚರ್ಚಿನ ಅಡುಗೆಮನೆಯ ಮೇಜಿನ ಮೇಲೆ ಅಕ್ಕನ ಅಂತ್ಯವಿಧಿಗೆ ಬಂದವರಿಗೆ ಹಂಚುವ ಹಾಳೆಗಳ ಕಟ್ಟು ಹರವಿಕೊಂಡು, 'ಒಜೆಲ್ಲಾ ರಿಡಲ್ ನಲವತ್ತೊಂದು ವರ್ಷ ಗುಲಾಬಿ ತೋಟದಲ್ಲಿ ದುಡಿದರು' ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ, ಒಂದೊಂದರಲ್ಲೂ 'ಓದಿದರು ಕೂಡ' ಎಂದು ಪೆನ್ನಿನಲ್ಲಿ ಬರೆಯುತ್ತಿದ್ದಳು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ನಿಮ್ಮಿಬ್ರನ್ನ ನೋಡೇ ಹೇಳಿರ್ಬೇಕು," ಎಂದ ಕ್ಲೀಟಸ್. ಅಕ್ಕನ ಪಕ್ಕದ ಸಾಲಿನಲ್ಲಿ ಮೂವತ್ತು ವರ್ಷ ಗುಲಾಬಿಗೆ ಕಸಿ ಕಟ್ಟಿದವನು ಅವನು. "ಅಚ್ಚಾದ ಹಾಳೆ ಕಂಡ್ರೆ ನಿಮ್ಮನೇರ ಕೈ ಸುಮ್ನಿರಲ್ಲ."

"ಮಾತು ಸಾಕು, ಆ ಇನ್ನೊಂದು ಕಟ್ಟು ಬಿಚ್ಚು."

"ಆರು ಚರ್ಚಿಂದ ಠರಾವು ಬಂದಿದೆ. ಎಲ್ಲಾದ್ರಲ್ಲೂ ಹೊಗಳಿದಾರೆ. ಇನ್ನೇನು ಬೇಕು ನಿಂಗೆ?"

"ಏನು ಹೊಗಳಿದಾರೆ? ಮೈಗಳ್ಳಿ ಅಲ್ಲ, ಪೀಚ್ ಕಡುಬು ಚೆನ್ನಾಗಿ ಮಾಡ್ತಿದ್ಲು. ಅಷ್ಟೇ ತಾನೆ? ನಂಗೆ ಏಳನೇದು ಬೇಕು. ಲೈಬ್ರರೀದು."

ಕ್ಲೀಟಸ್ ತಲೆ ಕೆರೆದುಕೊಂಡ. "ಅವಳ ಕಾರ್ಡು ಕಿತ್ಕೊಂಡೋರು ಅವರು."

"ಅದಕ್ಕೇ. ಕಿತ್ಕೊಂಡೋರ ಬಾಯಿಂದ್ಲೇ ಬರ್ಬೇಕು."

ಪೂರ್ವ ಟೆಕ್ಸಾಸ್‌ನ ಆ ಸೀಮೆಯಲ್ಲಿ ಯಾರು ಸತ್ತರೂ ಅಕ್ಕಪಕ್ಕದ ಚರ್ಚು, ಸಂಘಗಳವರು ಠರಾವು ಬರೆದು ಕಳಿಸುತ್ತಾರೆ. ಶವಪೆಟ್ಟಿಗೆಯ ಮುಂದೆ ನಿಂತು ಓದುತ್ತಾರೆ. ಸೋಮವಾರ ಅರ್ಡಿಸ್ ಲೈಬ್ರರಿಗೆ ಹೋಗಿ ಬಾಯಿಬಿಟ್ಟು ಕೇಳಿ ಬಂದಿದ್ದಳು. ಲೈಬ್ರರಿಯ ಹಾನ್ಸ್‌ಲೋ ಎಂಬಾಕೆ "ನೋಡೋಣ" ಎಂದಿದ್ದಳು. ಇಂದು ಶನಿವಾರ.

* * *

ಗುಲಾಬಿ ಇರುವ ಕಾದಂಬರಿ ಅಂದರೆ ಒಜೆಲ್ಲಾಗೆ ಊಟವೂ ಬೇಡವಾಗುತ್ತಿತ್ತು. ಹಗಲೆಲ್ಲ ಬಗ್ಗಿ ಸಾವಿರಾರು ಕಾಡುಗುಲಾಬಿ ಗಿಡಕ್ಕೆ ಒಳ್ಳೆಯ ಗುಲಾಬಿಯ ಚಿಗುರುಗಣ್ಣು ಕೂರಿಸಿ ಕಸಿ ಕಟ್ಟಿ ಬಂದವಳು, ಸಂಜೆ ನೆಲದ ಮೇಲೆ ಅಂಗಾತ ಮಲಗಿ ಪುಸ್ತಕ ಎತ್ತಿ ಹಿಡಿಯುತ್ತಿದ್ದಳು. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.

"ಕೇಳೇ ಅರ್ಡಿಸ್, ಈ ಮಹಾರಾಯ ಗುಲಾಬಿ ಬಳ್ಳಿ ಹಿಡ್ಕೊಂಡು ಹುಡುಗಿಯ ಕಿಟಕಿಗೆ ಹತ್ತುತ್ತಾನಂತೆ. ಬಳ್ಳಿ ನೆಟ್ಟಿದ್ದು ಹೋದ ವರ್ಷ."

"ಪ್ರೀತಿ ಕಣೇ. ಹತ್ತಲಿ ಬಿಡು."

"ಹತ್ತಲಿ. ಹತ್ತಿದ್ಮೇಲೆ ಒಂದು ವಾರ ಕೂರೋಕಾಗಲ್ಲ." ಹಾಗೆಂದು ಪುಸ್ತಕದ ಅಂಚಿನಲ್ಲಿ ಅದನ್ನೇ ಬರೆದಳು.

ಮಾಡಿದ್ದು ತಪ್ಪೇ, ಲೈಬ್ರರಿಯ ಪುಸ್ತಕ, ಊರವರದು. ಆದರೆ ಹಾನ್ಸ್‌ಲೋ ಎಲ್ಲರೆದುರು ಹೇಳಿದ ರೀತಿ ಇತ್ತಲ್ಲ, ಅದು ತಪ್ಪಿಗಿಂತ ದೊಡ್ಡದು. "ಇಪ್ಪತ್ತಾರು ಪುಸ್ತಕ ಹಾಳು ಮಾಡಿದೀರಿ. ಓದೋಕೆ ಬರದವರು ಇಲ್ಲಿಗೆ ಬರಬಾರದು. ಕಾರ್ಡು ಕೊಡಿ." ಒಜೆಲ್ಲಾ ಕಾರ್ಡು ಮೇಜಿನ ಮೇಲಿಟ್ಟು ಹೊರಬಂದಳು. ಹನ್ನೆರಡು ವರ್ಷ ಆ ಮೆಟ್ಟಿಲು ತುಳಿಯಲಿಲ್ಲ. ತಂಗಿ ತನ್ನ ಕಾರ್ಡಿನಲ್ಲಿ ತಂದುಕೊಟ್ಟಳು. ಮತ್ತೆ ಒಂದಕ್ಷರ ಬರೆಯಲಿಲ್ಲ ಒಜೆಲ್ಲಾ. ಓದುತ್ತಾ ಓದುತ್ತಾ ನಡುವೆ ನಿಟ್ಟುಸಿರು ಬಿಡುತ್ತಿದ್ದಳು, ಅಷ್ಟೆ. ಆ ನಿಟ್ಟುಸಿರು ಕೇಳಿದಾಗಲೆಲ್ಲ ಅರ್ಡಿಸ್‌ಗೆ ಲೈಬ್ರರಿಯವರ ಮೇಲೆ ಸಿಟ್ಟು ಉಕ್ಕುತ್ತಿತ್ತು.

* * *

ಆರು ಠರಾವು ಓದಿ ಮುಗಿಯಿತು. ಪಾಸ್ಟರ್ ಗೇಟ್‌ವುಡ್ ಬೈಬಲ್ಲು ತೆರೆದರು. ಆಗ ಕಪ್ಪು ಜನರೇ ತುಂಬಿದ್ದ ಆ ಚರ್ಚಿಗೆ ಹಿಂದಿನ ಬಾಗಿಲಿನಿಂದ ಒಬ್ಬ ಬಿಳಿಯ ಹೆಂಗಸು ಏದುಸಿರು ಬಿಡುತ್ತಾ ನಡುದಾರಿಯಲ್ಲಿ ಬಂದಳು. ಕೈಯಲ್ಲೊಂದು ಕಾಗದ, ಕಂಕುಳಲ್ಲೊಂದು ಪುಸ್ತಕ.

"ಬಂದ್ಲಲ್ಲಪ್ಪ," ಎಂದ ಕ್ಲೀಟಸ್, ಪಿಸುಮಾತಿನಲ್ಲಲ್ಲ.

ಹಾನ್ಸ್‌ಲೋ ಪೆಟ್ಟಿಗೆಯ ಮುಂದೆ ನಿಂತಳು. ಕಾಗದ ಬಿಡಿಸಿ ಓದತೊಡಗಿದಳು.

"ಒಜೆಲ್ಲಾ ರಿಡಲ್ ಅವರು ಇಪ್ಪತ್ತಾರು ಕಾದಂಬರಿಗಳನ್ನು ಹಾಳು ಮಾಡಿದರೆಂದು ನಾವು ದಾಖಲಿಸಿದ್ದರಿಂದ, ಓದುಗರು ಹನ್ನೆರಡು ವರ್ಷಗಳಿಂದ ಆ ಇಪ್ಪತ್ತಾರನ್ನೇ ಸರದಿ ಹಚ್ಚಿ ಕೇಳುತ್ತಿರುವುದರಿಂದ…"

"ಹೇಳಮ್ಮಾ," ಎಂದಿತು ಒಂದು ಮುದಿದನಿ.

"ಮತ್ತು ಗುಲಾಬಿಯ ವಿಷಯದಲ್ಲಿ ಆ ಪುಸ್ತಕಗಳು ತಪ್ಪು, ಅವರೇ ಸರಿ ಎಂದು ತಿಳಿದುಬಂದಿರುವುದರಿಂದ…"

"ತಡವಾಯ್ತು, ಆದ್ರೂ ಹೇಳು."

"ನಮ್ಮ ಮಾತನ್ನು ಹಿಂದಕ್ಕೆ ಪಡೆದು, ಒಜೆಲ್ಲಾ ರಿಡಲ್ ಈ ಗ್ರಂಥಾಲಯ ಕಂಡ ಅತ್ಯುತ್ತಮ ಓದುಗರೆಂದು ದಾಖಲಿಸತಕ್ಕದ್ದು ಎಂದು ಠರಾವು ಮಾಡಲಾಗಿದೆ." ಕಾಗದ ಇಳಿಸಿ ಅರ್ಡಿಸ್‌ಳನ್ನು ನೋಡಿದಳು. "ಆವತ್ತು ನಾನಂದಿದ್ದು ನನ್ನ ಬಗ್ಗೇನೇ ನಿಜ. ಓದೋಕೆ ಬರ್ತಿರ್ಲಿಲ್ಲ ನಂಗೆ. ಒಂದು ಓದ್ಲಾ?"

ಹನ್ನೆರಡು ವರ್ಷದ ಸಿಟ್ಟು ಅರ್ಡಿಸ್‌ಗೆ ಇನ್ನೂ ಇಳಿದಿರಲಿಲ್ಲ. "ಗಟ್ಟಿಯಾಗಿ ಓದಿ," ಎಂದಳು.

ಹಾನ್ಸ್‌ಲೋ ಪುಸ್ತಕ ಬಿಡಿಸಿದಳು. "ಇಲ್ಲಿ ಕಥಾನಾಯಕಿಯ ಕೆಂಪು ಗುಲಾಬಿ ಗಿಡ, ಅವಳ ದುಃಖ ನೋಡಲಾರದೆ ಬಿಳಿ ಹೂ ಬಿಡುತ್ತೆ. ಪಕ್ಕದಲ್ಲಿ ಒಜೆಲ್ಲಾ ಬರೆದಿದಾರೆ: 'ದುಃಖಕ್ಕಲ್ಲ. ಮೇಲೆ ಕಟ್ಟಿದ ಕಣ್ಣು ಸತ್ತಿದೆ, ಕೆಳಗಿನ ಕಾಡುಗಿಡ ಚಿಗುರಿದೆ. ಅದೂ ಗುಲಾಬಿಯೇ. ಇಷ್ಟು ವರ್ಷ ಇವಳ ಕೆಂಪು ನಿಂತಿದ್ದು ಅದರ ಬೇರಿನ ಮೇಲೆ.'"

 ಕ್ಲೀಟಸ್ ತೊಡೆ ತಟ್ಟಿ ನಕ್ಕ, ಅವನ ಹಿಂದೆ ಇಡೀ ಸಾಲು. ಅರ್ಡಿಸ್ ನಗುತ್ತಲೇ ಅಳುತ್ತಿದ್ದಳು, ಗೆದ್ದೆವು ಕಣೇ ಅಕ್ಕ ಎಂದು ಬಾಯಿಬಿಟ್ಟೇ ಹೇಳಿದಳು.

"ಠರಾವು ಒಪ್ಪೋರು ಎದ್ದು ನಿಂತ್ಕೊಳ್ಳಿ," ಎಂದರು ಪಾಸ್ಟರು.

ಮೊದಲು ಎದ್ದದ್ದು ಒಜೆಲ್ಲಾ ಜೊತೆ ತೋಟದಲ್ಲಿ ಕಸಿ ಕಟ್ಟಿದವರು. ಹದಿನಾಲ್ಕು ಜನ. ಒಬ್ಬರ ಬೆನ್ನೂ ನೆಟ್ಟಗಾಗದು, ಗಿಡದ ಸಾಲಿನಲ್ಲಿದ್ದಂತೆಯೇ ಬಾಗಿ, ಮುಂದಿನ ಬೆಂಚು ಹಿಡಿದು ನಿಂತರು. ಅವರ ಹಿಂದೆ ಇಡೀ ಚರ್ಚು ಎದ್ದಿತು. ಪಾಸ್ಟರು ಕೂರಿ ಎಂದು ಕೈ ಮಾಡಿದರು, ಉಳಿದವರು ಕೂತರು. ಹಾಡಿನವರು ಒಂದು ಹಾಡು ಮುಗಿಸಿ ಇನ್ನೊಂದು ಎತ್ತಿಕೊಂಡರು. ಬಾಗಿದ ಆ ಹದಿನಾಲ್ಕು ಜನರಲ್ಲಿ ಒಬ್ಬರೂ ಕೂರಲಿಲ್ಲ.