ಬರೆದವರ ದನಿ

ಗಂಡನ ಅಕ್ಕ ಅವಳ ಕೈಯಿಂದ ಸ್ತೋತ್ರದ ಪುಸ್ತಕ ಕಿತ್ತುಕೊಂಡರು.

"ಸಾಕು ನಿಲ್ಸು! ಗಂಡ ಪ್ರಾಣ ಬಿಟ್ಟು ಮಲಗಿದಾನೆ, ಪಕ್ಕದಲ್ಲಿ ಕೂತು ಬಸ್ಸಿನ ವೇಳಾಪಟ್ಟಿ ಓದೋ ಹಾಗೆ ಓದ್ತಿದ್ದಾಳೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ."

"ಕೋಪ ಬಂತಾ ಅತ್ತಿಗೆ?"

"ನಂಗ್ಯಾಕಮ್ಮ ಕೋಪ? ಬಹಳ ಸಂತೋಷ. ಓದು, ಇನ್ನೂ ಓದು."

"ಸರಿ ಹಾಗಾದ್ರೆ," ಎಂದು ಅವಳು ಪುಸ್ತಕಕ್ಕೆ ಕೈಚಾಚಿದಳು. ಬಂದವರೆಲ್ಲ ಮುಖ ಮುಖ ನೋಡಿಕೊಂಡರು.

*

ಪಾರ್ಶ್ವವಾಯು ಬಡಿದ ಮೇಲೆ ಅವಳ ಕೈಕಾಲು ಉಳಿದವು, ಮಾತೂ ಉಳಿಯಿತು. ದನಿಯ ಏರಿಳಿತ ಮಾತ್ರ ಹೋಯಿತು. ಅವಳ ಮಾತಿನಲ್ಲೂ ಇಲ್ಲ, ಬೇರೆಯವರ ಮಾತಿನಲ್ಲಿ ಕೇಳಿಸುವುದೂ ಇಲ್ಲ. ಬೈಗುಳ, ತಮಾಷೆ, ಮುದ್ದು ಎಲ್ಲ ಒಂದೇ ಸಮ.

ಮನೆಪಾಠದ ಮಕ್ಕಳಿಗೆ ಕಲಿಸುತ್ತಿದ್ದುದನ್ನೇ ಮೇಷ್ಟ್ರು ಹೆಂಡತಿಗೂ ಕಲಿಸತೊಡಗಿದರು. ಸಂಜೆಗೊಂದು ಗದ್ಯಭಾಗ.

"ಹೇಳು, ಬರೆದವರ ದನಿ ಯಾವುದು? ಕೋಪವಾ, ಕುಹಕವಾ, ದುಃಖವಾ?"

"ದುಃಖ."

"ಎಲ್ಲಿ ಸಿಕ್ತು?"

"'ಈ ವರ್ಷವೂ ಬಾಗಿಲಿಗೆ ಚಿಲಕ ಹಾಕಲಿಲ್ಲ' ಅಂತಿದೆ. 'ವರ್ಷವೂ' ಅಂತ. ಯಾರನ್ನೋ ಕಾಯ್ತಿದಾರೆ."

ಮೇಷ್ಟ್ರ ಕಣ್ಣು ತುಂಬಿ ಬಂತು.

"ಅಳ್ತಿದೀರಾ? ತಪ್ಪು ಹೇಳಿದ್ನಾ?"

"ಇಲ್ಲ ಕಣೇ. ಸರಿಯಾಗಿ ಹೇಳಿದೆ."

ಅಕ್ಷರವಾದರೆ ಇದ್ದಲ್ಲೇ ಇರುತ್ತಿತ್ತು, ಹತ್ತು ಸಲ ತಡವಬಹುದಿತ್ತು. ಆಡಿದ ಮಾತು ನಿಲ್ಲುತ್ತಿರಲಿಲ್ಲ. ನಾಲ್ಕು ಜನರ ನಡುವೆ ಮೇಷ್ಟ್ರೇ ಮೆಲ್ಲಗೆ ಹೇಳುತ್ತಿದ್ದರು: "ಅವರು ಚುಚ್ಚಿದ್ದು. ನೀನು ಸುಮ್ನಿರು."

*

ವ್ಯಾನ್ ಬಾಗಿಲಿಗೆ ಬಂತು. ಮೇಷ್ಟ್ರನ್ನು ಎತ್ತಿದರು.

"ಅಮ್ಮಾ, ಅವರನ್ನ ಬೈಬೇಡಿ, ಅವರಿಗೆ ದನಿ ತಿಳಿಯಲ್ಲ," ಎಂದು ಪಕ್ಕದ ಮನೆಯ ಟೈಲರ್ ಅತ್ತಿಗೆಗೆ ಹೇಳಿದ.

"ಇವಳಿಗೆ ತಿಳಿಸಿ ತಿಳಿಸಿಯೇ ನನ್ನ ತಮ್ಮ ಸವೆದುಹೋದ," ಎಂದರು ಅತ್ತಿಗೆ. "ಇನ್ನೇನು, ನಾನಿದೀನಲ್ಲ! ನಮ್ಮನೇಲಿ ಇಟ್ಕೋತೀನಿ!"

ಅವಳು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಅಲ್ಲಿ ಖಾಲಿ ಚಾಪೆ ಇತ್ತು. ಅತ್ತಿಗೆಯ ರಟ್ಟೆ ಹಿಡಿದುಕೊಂಡಳು.

"ಕರೀತಿದೀರಾ, ಬೈತಿದೀರಾ? ನಂಗೆ ಹೇಳೋರು ಯಾರೂ ಇಲ್ಲ. ಬರೆದುಕೊಡಿ ಅತ್ತಿಗೆ. ಬರೆದ್ರೆ ಗೊತ್ತಾಗತ್ತೆ."

ಟೈಲರ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಟ್ಟ. ಅತ್ತಿಗೆ ಅವಳನ್ನೇ ನೋಡಿದರು. ಆಮೇಲೆ ಒಂದು ಚೀಟಿಯನ್ನು ಗೋಡೆಗೊತ್ತಿ, ಕಾಗದ ಹರಿಯುವಷ್ಟು ಅದುಮಿ ಬರೆದರು.

"ಅಕ್ಕಾ, ಹೊರಡ್ತಿದಾರೆ. ಕೊನೇ ಸಲ ಮುಖ ನೋಡ್ಕೊಳ್ಳಿ," ಎಂದು ಟೈಲರ್ ಅವಳನ್ನು ಕರೆದ.

ಅವಳು ಚೀಟಿ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದಳು. 'ನಮ್ಮ ಮನೆಗೆ ಬಾ.' ವ್ಯಾನಿನ ಹಿಂದೆ ಜನ ನಡೆದರು, ಬೀದಿ ಬರಿದಾಯಿತು. ಅವಳು ತಲೆ ಎತ್ತಲಿಲ್ಲ. ಬೆರಳು 'ಬಾ' ತಲುಪಿ, ಮತ್ತೆ ಮೊದಲ ಅಕ್ಷರಕ್ಕೆ ಹೋಯಿತು.