ಕೇಳಿದರೆ ಇನ್ನೂ ತಡ

ಅತ್ತೆ ಬೈಯುವುದನ್ನು ನಿಲ್ಲಿಸಿದಾಗಲೇ ಸೊಸೆಗೆ ನಿಜವಾದ ಭಯ ಹತ್ತಿದ್ದು.

ಸೊಸೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲ್ಯಾಬಿನ ಡಾಕ್ಟರು. ಲಿವರ್, ಪಿತ್ತನಾಳ, ಮೇದೋಜೀರಕ, ಹೊಟ್ಟೆಯ ಆ ಮೂಲೆಯಲ್ಲಿ ಎದ್ದ ಗಡ್ಡೆಗಳೆಲ್ಲ ಕೊನೆಗೆ ಅವಳ ಮೈಕ್ರೋಸ್ಕೋಪಿನ ಕೆಳಗೇ ಬರಬೇಕು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ ಅತ್ತೆಯ ದನಿ: "ಕೈ ತೊಳ್ಕೊಂಡು ಬಾ, ಫಾರ್ಮಲಿನ್ ನಾತ!"

ಅತ್ತೆ ನಿವೃತ್ತ ಹೆಡ್‌ಮಿಸ್. ರೋಗಿಯ ಮುಖವನ್ನೇ ನೋಡದ ಡಾಕ್ಟರಿಕೆಯ ಬಗ್ಗೆ ಅವರಿಗೆ ಅಷ್ಟಕ್ಕಷ್ಟೆ. "ಮಕ್ಕಳೆಲ್ಲ ಮನೆಗೆ ಹೋದ್ಮೇಲೆ ಕೂತು ಪೇಪರ್ ತಿದ್ತಾಳೆ" ಎಂದು ನೆಂಟರ ಮುಂದೆ ಸೊಸೆಯ ಕೆಲಸವನ್ನು ವಿವರಿಸುತ್ತಿದ್ದರು.

ಅಂಥ ಅತ್ತೆಯ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ. ಸ್ಕ್ಯಾನ್ ಮಾಡಿದರೆ, ಮೇದೋಜೀರಕದ ತಲೆಭಾಗ ಊದಿಕೊಂಡು ಪಿತ್ತನಾಳವನ್ನು ಅಮುಕಿ ಹಿಡಿದಿದೆ. ಕ್ಯಾನ್ಸರೇ ಇರಬೇಕು, ಹಾಗಿದ್ದರೆ ದೊಡ್ಡ ಆಪರೇಷನ್ ಎಂದರು ಸರ್ಜನ್. ಸೂಜಿ ಹಾಕಿ ದಾರದೆಳೆಯಂಥ ಚೂರೊಂದನ್ನು ತೆಗೆದು ಲ್ಯಾಬಿಗೆ ಕಳಿಸಿದರು.

"ನೀನೇ ನೋಡ್ತೀಯಾ?" ವಾರ್ಡಿನ ಹಾಸಿಗೆಯಿಂದಲೇ ಕೇಳಿದರು ಅತ್ತೆ.

"ಹೂಂ."

"ಬೇಡ. ಸ್ವಂತ ಮಕ್ಕಳ ಪೇಪರ್ ನಾನ್ಯಾವತ್ತೂ ತಿದ್ದಿಲ್ಲ. ಅತ್ತೆ ಪೇಪರ್ ಅಂದ್ರೆ ಮುಗೀತು. ಪಾಸ್ ಮಾಡಿದ್ರೆ ಜನ ನಂಬಲ್ಲ, ಫೇಲ್ ಮಾಡಿದ್ರೆ ಸೇಡು ತೀರಿಸ್ಕೊಂಡ್ಳು ಅಂತಾರೆ."

ಆಮೇಲೆ ಸೊಸೆಯ ಕೈ ಹಿಡಿದುಕೊಂಡರು. ಲ್ಯಾಬಿನಿಂದ ನೇರ ಬಂದ, ತೊಳೆಯದ ಕೈ. "ತಣ್ಣಗಿದೆ ಕಣೇ. ಪಾಪ" ಎಂದರು.

ಪಾಪ! ಮದುವೆಯಾದಾಗಿನಿಂದ ಆ ಬಾಯಲ್ಲಿ ಕೇಳದ ಮಾತು.

ಚೂರು ಸಹೋದ್ಯೋಗಿಯ ಪಾಲಾಯಿತು. ಒಂದು ಗಾಜಿನ ಸ್ಲೈಡನ್ನು ಮೂರು ಸಲ ನೋಡದೆ ಸಹಿ ಹಾಕದ ಅವಳಿಗೆ ಎಲ್ಲರೂ ಇಟ್ಟ ಹೆಸರು ನಿಧಾನಿ. ಸೊಸೆ ಮರುದಿನ ಬೆಳಿಗ್ಗೆಯೇ ಅವಳ ಬಾಗಿಲಲ್ಲಿ ಹಾಜರು.

"ಪೆನ್ನು ಬಿಟ್ಟುಹೋಗಿದ್ದೆ."

"ನಿನ್ನ ಕಿವಿ ಮೇಲಿದೆ."

"ಟೀ ಕುಡಿಯೋಣ್ವಾ?"

"ಈಗ ತಾನೇ ಕುಡಿದ್ವಲ್ಲೇ! ಚೂರು ಇನ್ನೂ ಮೇಣದಲ್ಲಿ ಕೂತಿದೆ, ಕೊಯ್ಯೋದೇ ಬಾಕಿ. ಬಾಗಿಲ ಮೇಲಿನ ಬೋರ್ಡ್ ಓದು."

'ರಿಪೋರ್ಟ್ ಯಾವಾಗ ಎಂದು ಕೇಳಬೇಡಿ. ಕೇಳಿದರೆ ಇನ್ನೂ ತಡ.' ಸರ್ಜನ್‌ಗಳ ಕಾಟ ತಾಳಲಾರದೆ ಸೊಸೆಯೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದು. ಎಂಥ ಕಲ್ಲುಮನಸ್ಸಿನವಳು ಬರೆದಿರಬಹುದು ಎನಿಸಿತು ಅವಳಿಗೆ.

ಚೂರನ್ನು ತೆಳ್ಳಗೆ ಕೊಯ್ದು, ಕಣಗಳು ಕಾಣುವಂತೆ ಬಣ್ಣ ಹಾಕಿದ್ದಾಯಿತು. ಸಾಲದೆಂದು ನಿಧಾನಿ ಇನ್ನೊಂದು ವಿಶೇಷ ಬಣ್ಣ ಹಾಕಿಸಿದಳು. ಅದು ಒಣಗುವ ತನಕ ಸೊಸೆ ಖಾಲಿ ಶೀಶೆಗಳನ್ನೆಲ್ಲ ತೊಳೆದು, ತೊಳೆದದ್ದನ್ನೇ ಮತ್ತೆ ತೊಳೆದಳು.

"ಬಾರೇ" ಎಂದಳು ನಿಧಾನಿ ಕೊನೆಗೂ. "ಕ್ಯಾನ್ಸರ್ ಕಣ ಒಂದೂ ಇಲ್ಲ. ನಾರು ಸುರುಳಿ ಸುತ್ಕೊಂಡಿದೆ, ಕಾವಲು ಕಣಗಳೇ ಹಿಂಡುಗಟ್ಟಿ ಮುತ್ಕೊಂಡಿವೆ. ರಕ್ತಪರೀಕ್ಷೆನೂ ಅದನ್ನೇ ಹೇಳ್ತಿದೆ. ಸ್ಟೀರಾಯ್ಡ್ ಮಾತ್ರೆಗೆ ಕರಗೋ ಊತ. ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ ನೋಡ್ಲಿ."

ಸೊಸೆ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದಳು.

"ಕ್ಯಾನ್ಸರ್ ಅಲ್ಲ ಅತ್ತೆ!" ಏದುಸಿರು ಬಿಡುತ್ತ ಹೇಳಿದಳು. "ಮೈ ಕಾಯೋಕೆ ಅಂತ ಇರೋ ಕಣಗಳೇ ಸುಮ್ಸುಮ್ನೆ ಮನೆಯವರ ಮೇಲೆ ಹರಿಹಾಯ್ತಿವೆ, ಅಷ್ಟೆ."

ಅತ್ತೆ ಕಣ್ಣು ಕಿರಿದು ಮಾಡಿದರು. "ನನ್ನನ್ನೇ ಏನೋ ಅಂದ ಹಾಗಿದೆ."

"ಅಯ್ಯೋ, ರೋಗವೇ ಹಾಗೆ!"

"ತಿದ್ದಿದ್ದು ಯಾರು?"

"ನಿಧಾನಿ."

"ಹಾಗಾದ್ರೆ ನಂಬಬಹುದು."

ಅತ್ತೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಭುಜ ಮಾತ್ರ ಮೆಲ್ಲಗೆ ಅಲುಗುತ್ತಿತ್ತು. ಸೊಸೆ ಅವರ ಕೈ ಹಿಡಿದುಕೊಂಡಳು. ತಟ್ಟನೆ ಅತ್ತೆಯ ಮೂಗು ಅರಳಿತು.

"ಥೂ! ಹಾಗೇ ಬಂದಿದೀಯಲ್ಲೇ! ಮೊದ್ಲು ಹೋಗಿ ಕೈ ತೊಳ್ಕೊ."

ಸೊಸೆ ಹೋದಳು. ನಲ್ಲಿ ಬಿಟ್ಟು, ಸೋಪು ಹಚ್ಚಿ, ಕನ್ನಡಿಯಲ್ಲಿ ತನ್ನ ಒದ್ದೆ ಮುಖ ನೋಡುತ್ತ ತೊಳೆದೇ ತೊಳೆದಳು.

"ನೀರು ಸುಮ್ನೆ ಬಿಡ್ಬೇಡ!" ಹೊರಗಿನಿಂದ ಕೂಗು ಬಂತು.